ಗೋಡೆಯಾಚೆಯವರಿಗೆ ವಂದನೆ

ಅರ್ಕಾವತಿ ನದಿಯ ಬಲದಂಡೆಯಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ ಸಿಲುವೆಗುಡ್ಡೆ ಎಂಬ ಊರು. ಅಲ್ಲಿನ ಕ್ರೈಸ್ತ ದೇವಾಲಯದ ಹಿಂದೆ ಗಂಟೆಯ ಹಗ್ಗ ಇಳಿಬಿದ್ದಿರುವ ಒಂದು ಚಪ್ಪರ. ಆ ಚಪ್ಪರಕ್ಕೆ ಒರಗಿಕೊಂಡಂತೆ ಒಂದು ಕೋಣೆ. ಆಗ ಒಳಗೆ ಇದ್ದದ್ದು ಒಂದು ಚಾಪೆ, ಒಂದು ಮಡಕೆ, ಎರಡು ಸೀರೆ. ಪುಣ್ಯವತಿ ಬ್ರಿಜಿತಮ್ಮನವರು ತಮ್ಮ ಬಾಳಿನ ಕೊನೆಯ ಇಪ್ಪತ್ತಾರು ವರ್ಷಗಳನ್ನು ಕಳೆದದ್ದು ಇಲ್ಲಿಯೇ. ದೂರದೂರದ ಪುಣ್ಯಕ್ಷೇತ್ರಗಳಲ್ಲಿ ಸಂತರ ಹಲ್ಲನ್ನೋ ಬೆರಳನ್ನೋ ಗಾಜಿನ ಭರಣಿಯಲ್ಲಿಟ್ಟು, ಜನರನ್ನು ಸಾಲು ನಿಲ್ಲಿಸಿ, ಹೊರಬರುವ ದಾರಿಯಲ್ಲಿ ಮೇಣದಬತ್ತಿ ಮಾರುವುದುಂಟು. ಬ್ರಿಜಿತಮ್ಮನವರದು ಎಂದು ತೋರಿಸಲು ಸಿಲುವೆಗುಡ್ಡೆಯಲ್ಲಿ ಒಂದು ಪೊರಕೆಯೂ ಉಳಿದಿಲ್ಲ. ಉಳಿದಿರುವುದು ಈ ಪ್ರಸಂಗ; ಅದನ್ನೂ ಊರಿನವರು ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ.

ಅವರ ಪತಿ ಆ ಊರಿನ ಉಪದೇಶಿಗಳಾಗಿದ್ದರು. ಮಕ್ಕಳಿಗೆ ಜಪಗಳನ್ನೂ ದೊಡ್ಡವರಿಗೆ ಧರ್ಮವನ್ನೂ ಕಲಿಸುತ್ತಿದ್ದವರು. ಅವರು ತೀರಿಕೊಂಡ ಮೇಲೂ ಊರು ಈಕೆಯನ್ನು ಉಪದೇಶಿಯಮ್ಮ ಎಂದೇ ಕರೆಯಿತು. ದಿನಕ್ಕೆ ಮೂರು ಬಾರಿ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸುವುದು, ಸಮಾಧಿಭೂಮಿ ಗುಡಿಸುವುದು ಅವರ ಸೇವೆ. ಇದರ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರಿದ್ದದ್ದು ಮಧ್ಯಾಹ್ನದ ಗಂಟೆಯಾದ ಮೇಲೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸದ ಬಗ್ಗೆ.

ಆ ಕಾಲದ ಕಟ್ಟಳೆ ಹೀಗಿತ್ತು: ಕ್ರೈಸ್ತ ದೀಕ್ಷೆ ಕೊಡುವ ಜ್ಞಾನಸ್ನಾನವಾಗದೆ ತೀರಿಕೊಂಡ ಕೂಸಿಗೆ ಸಮಾಧಿಭೂಮಿಯ ಒಳಗೆ ಜಾಗವಿಲ್ಲ. ಗುಂಡಿ ತೋಡುವವನೊಬ್ಬನೇ ಬಟ್ಟೆ ಸುತ್ತಿದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ, ಕಲ್ಲುಗೋಡೆಯ ಹೊರಬದಿಯಲ್ಲಿ, ಕಳ್ಳಿಸಾಲಿನ ಬುಡದಲ್ಲಿ ಹೂಳಿ ಬರುತ್ತಿದ್ದ. ಗಂಟೆಯಿಲ್ಲ, ಜಪವಿಲ್ಲ, ಶಿಲುಬೆಯಿಲ್ಲ, ಹೆಸರಿಲ್ಲ. ಮುಂದೆ ಧರ್ಮಸಭೆ ಮನಸ್ಸು ಮೆತ್ತಗೆ ಮಾಡಿಕೊಂಡಿತು. ನಾವು ಹೇಳುತ್ತಿರುವುದು ಅದಕ್ಕೂ ಮುಂಚಿನ ಮಾತು. ಆ ಜಾಗವನ್ನು ಜನ ‘ಗೋಡೆಯಾಚೆ’ ಎಂದಷ್ಟೇ ಅನ್ನುತ್ತಿದ್ದರು. ಅಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದ್ದರೂ ಆಡುಗಳು ಬಾಯಿ ಹಾಕುತ್ತಿರಲಿಲ್ಲ.

ಬ್ರಿಜಿತಮ್ಮನವರು ಮಧ್ಯಾಹ್ನದ ಗಂಟೆ ಬಾರಿಸಿ, ಹಗ್ಗ ಕಟ್ಟಿ, ಅಲ್ಲಿಗೆ ಹೋಗುತ್ತಿದ್ದರು. ನೆರಳು ಕಾಲಡಿಗೆ ಬಂದು ಅಡಗುವ ಹೊತ್ತು. ಊರಿನವರು ಬಾಗಿಲು ಮುಂದೆ ಮಾಡಿಕೊಳ್ಳುವ ಹೊತ್ತು. ಕಳ್ಳಿಸಾಲಿನ ಉದ್ದಕ್ಕೂ ನಿಧಾನವಾಗಿ ನಡೆಯುತ್ತ, ಅಲ್ಲಲ್ಲಿ ನಿಂತು, ಮನೆಗೆ ಬಂದ ನೆಂಟರನ್ನು ಮಾತನಾಡಿಸುವ ಹಾಗೆ, “ಬಂದ್ಯಲ್ಲ ಕಂದ, ಭಾಳ ಸಂತೋಷ. ನಿನ್ನ ಕಳಿಸಿದ ಸರ್ವೇಶ್ವರಂಗೆ ವಂದನೆ” ಎನ್ನುತ್ತಿದ್ದರು. ಆಮೇಲೆ ಸುಮ್ಮನಾಗುತ್ತಿದ್ದರು, ಎದುರಿನವರ ಮಾತು ಮುಗಿಯಲಿ ಎಂದು ಕಾಯುವವರಂತೆ. ಕೆಲವೊಮ್ಮೆ ನಗುತ್ತಿದ್ದರು. ಪಕ್ಕದ ತೋಟದಲ್ಲಿ ಸೊಪ್ಪು ಬಿಡಿಸುವ ಹೆಂಗಸರಿಗೆ ಆ ನಗು ಕೇಳಿಸುತ್ತಿತ್ತು. ಉಪದೇಶಿಯಮ್ಮನ ನಗು ಒಂದೇ ಕೇಳಿಸಿದ್ದರೆ ಅವರಿಗೆ ಭಯವಾಗುತ್ತಿರಲಿಲ್ಲ.

“ಬಿಸಿಲು ತಲೆಗೇರೈತೆ” ಎಂದರು ಕೆಲವರು. “ಅಲ್ಲಿ ನಿಮ್ಮದೂ ಒಂದೈತಾ ಉಪದೇಶಿಯಮ್ಮ?” ಎಂದು ಒಬ್ಬಾಕೆ ಕೆಣಕಿ ಕೇಳಿಯೂ ಬಿಟ್ಟಳು. “ಒಂದ್ಯಾಕವ್ವ? ಎಲ್ಲಾನೂ ನಂದೇ” ಎಂದರಂತೆ ಅಮ್ಮನವರು. ಕೇಳಿದವಳು ಆಮೇಲೆ ಆ ದಾರಿಯನ್ನೇ ಬಿಟ್ಟಳು.

ಇನ್ನು ಮದಲೇನಮ್ಮನ ವಿಷಯ. ಆಕೆ ಊರಿನ ಸೂಲಗಿತ್ತಿ. ನಲವತ್ತೈದರ ಗಟ್ಟಿ ಹೆಂಗಸು. ಬಾಯಿ ಇನ್ನೂ ಗಟ್ಟಿ. ಗಾಬರಿಯಿಂದ ಬಾಗಿಲು ಬಡಿಯುವ ಗಂಡಂದಿರಿಗೆ, “ಒಂಬತ್ತು ತಿಂಗಳ ಹಿಂದೆ ನನ್ನ ಕೇಳಲಿಲ್ಲ, ಈಗೇನು ಇಷ್ಟು ಅವಸರ?” ಎಂದು ಚುಚ್ಚುತ್ತಲೇ ಸೆರಗು ಬಿಗಿದು ಹೊರಡುವವಳು. ಹೆರಿಗೆಯಲ್ಲಿ ಕೂಸಿನ ಜೀವಕ್ಕೆ ಅಪಾಯ ಕಂಡರೆ ದೇವಾಲಯದ ಗುರುಗಳಿಗಾಗಿ ಕಾಯಬೇಕಿಲ್ಲ. ಯಾರಾದರೂ ಅದರ ತಲೆಯ ಮೇಲೆ ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಎಂದರೆ ಅದೇ ಜ್ಞಾನಸ್ನಾನ. ಇದನ್ನು ಗುರುಗಳು ವರ್ಷಕ್ಕೊಮ್ಮೆ ಅವಳಿಂದ ಒಪ್ಪಿಸಿಕೊಳ್ಳುತ್ತಿದ್ದರು. ಅವಳೂ ಪಟಪಟನೆ ಒಪ್ಪಿಸುತ್ತಿದ್ದಳು.

ಈ ಪ್ರಸಂಗಕ್ಕೆ ಒಂದೂವರೆ ವರ್ಷ ಮುಂಚೆ ಲೂರ್ದಮ್ಮ ಎಂಬ ಹುಡುಗಿಯ ಚೊಚ್ಚಲ ಹೆರಿಗೆ. ಕಿಟಕಿಯಿಲ್ಲದ ಕೋಣೆ, ಎಣ್ಣೆದೀಪ, ಸಾಂಬ್ರಾಣಿಯ ಹೊಗೆ. ಲೂರ್ದಮ್ಮನಿಗೆ ನಂಜೇರಿ ಮೈಮೇಲೆ ಪ್ರಜ್ಞೆಯಿಲ್ಲ. ಕೂಸು ಹೊರಗೆ ಬಂತು; ನೀಲಿಗಟ್ಟಿತ್ತು. ಮದಲೇನಮ್ಮ ಕೈಗೆ ಸಿಕ್ಕಿದ ಚೊಂಬನ್ನೆತ್ತಿ ತಲೆಯ ಮೇಲೆ ಹೊಯ್ದು, ಹೇಳಬೇಕಾದ್ದನ್ನು ಹೇಳಿದಳು. ಆಮೇಲೆ ನೋಡಿಕೊಂಡರೆ ಬೆರಳೆಲ್ಲ ಅಂಟಂಟು. ನಾಲಿಗೆಗೆ ಮುಟ್ಟಿಸಿದಳು: ಸಿಹಿ. ಬಾಣಂತಿಗೆ ಕುಡಿಸಲೆಂದು, ಹೊರಗೆ ಕೂತಿದ್ದ ಅತ್ತೆ ಮೊದಲೇ ತಂದಿಟ್ಟಿದ್ದ ಎಳನೀರಿನ ಚೊಂಬು ಅದು. ಮೂಲೆಯಲ್ಲಿದ್ದ ನೀರಿನ ಚೊಂಬಿಗೆ ಕೈಚಾಚಿ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಡುವ ಜಾತಿಯಲ್ಲ ಅವಳು; ಹೋಗಿ ಗುರುಗಳಿಗೆ ಹೇಳಿದಳು. ಅವರು ಚೊಂಬಿನಲ್ಲಿದ್ದದ್ದು ಏನೆಂದು ಮತ್ತೊಮ್ಮೆ ಕೇಳಿ ತಿಳಿದುಕೊಂಡರು. “ನೀರೇ ಆಗಬೇಕು ಮದಲೇನಮ್ಮ. ನನ್ನ ಕೈಯಲ್ಲಿಲ್ಲ” ಎಂದರು. ಕೂಸು ಗೋಡೆಯಾಚೆ ಹೋಯಿತು. ಲೂರ್ದಮ್ಮನಿಗೆ ಎರಡು ದಿನದ ಮೇಲೆ ಎಚ್ಚರವಾದಾಗ, ಅವಳ ಅತ್ತೆ ಚೌರಮ್ಮ, “ಹುಟ್ಟುವಾಗಲೇ ಜೀವ ಇರಲಿಲ್ಲ ಕಣವ್ವ” ಎಂದುಬಿಟ್ಟರು. ಹುಡುಗಿ ಕಡಿಮೆ ಅಳಲಿ ಎಂದು ಹೇಳಿದ ಮಾತು. ಮದಲೇನಮ್ಮ ಅಲ್ಲೇ ನಿಂತಿದ್ದವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಅಂದಿನಿಂದ ಅವಳು ಒಂದು ಹೆರಿಗೆಗೂ ಹೋಗಲಿಲ್ಲ. ಪ್ರತಿ ಮಧ್ಯಾಹ್ನ, ಗಂಟೆಯ ಕೊನೆಯ ಏಟು ಗಾಳಿಯಲ್ಲಿ ಕರಗುತ್ತಿದ್ದಂತೆ ಗೋಡೆಯಾಚೆಯಿಂದ ಅಳು ಕೇಳಿಸುತ್ತಿತ್ತು. ಹಸಿವಿನ ಅಳುವಲ್ಲ, ನೋವಿನದಲ್ಲ. ಆಗತಾನೇ ಹುಟ್ಟಿದ್ದು, ಗಂಟಲನ್ನು ಹೇಗೆ ಬಳಸಬೇಕೆಂದು ಇನ್ನೂ ತಿಳಿಯದ್ದು ಅಳುತ್ತದಲ್ಲ, ಅದು. ಸಾವಿರ ಸಲ ಕೇಳಿದವಳಿಗೆ ಗುರುತು ಸಿಗದೆ ಇರುತ್ತದೆಯೇ?

ಈಗ ಲೂರ್ದಮ್ಮ ಮತ್ತೆ ತುಂಬು ಬಸುರಿ. ಆಸ್ಪತ್ರೆ ಹದಿನಾರು ಮೈಲಿ, ಗಾಡಿದಾರಿ. ಒಂದು ಗುರುವಾರ, ಮಧ್ಯಾಹ್ನದ ಗಂಟೆಗೆ ತುಸು ಮುಂಚೆ, ಚೌರಮ್ಮ ಬಾಗಿಲಿಗೆ ಬಂದು ನಿಂತರು. “ಹೊಟ್ಟೆ ಜಾರೈತೆ ಮದಲೇನಿ. ಇವತ್ತೋ ನಾಳೆಯೋ. ನೀನು ಬರದಿದ್ರೆ ಹೆರೋದೇ ಇಲ್ಲ ಅಂತ ಕೂತವಳೆ.”

“ಹೆರದೆ ಏನು, ಮಡಿಲಲ್ಲೇ ಕಟ್ಕೊಂಡಿರ್ತಾಳಾ? ಬೇರೆ ಯಾರನ್ನಾದ್ರೂ ಕರೀರಿ.”

“ಯಾರವರೆ ಹೇಳು? ಹೋದ ಸಲದ್ದು ಇನ್ನೂ ಹಿಡ್ಕೊಂಡಿದ್ದೀಯಲ್ಲ ನೀನು. ನಾನು ಬಿಟ್ಟಿಲ್ವಾ?”

“ನಿಮಗೆ ಕೇಳುಸಲ್ಲ. ಅದಕ್ಕೇ ಬಿಟ್ಟಿದ್ದೀರಿ” ಎಂದು ಮದಲೇನಮ್ಮ ಬಾಗಿಲು ಹಾಕಿಕೊಂಡಳು. ಹಾಕಿಕೊಂಡವಳು ಹಿತ್ತಿಲ ಬಾಗಿಲಿಂದ ಹೊರಟು ನೇರ ಗಂಟೆಯ ಚಪ್ಪರಕ್ಕೆ ಬಂದಳು. ಭಕ್ತಿಯಿಂದ ಬಂದದ್ದಲ್ಲ, ಜಗಳಕ್ಕೆಂದೇ ಬಂದದ್ದು. ಬ್ರಿಜಿತಮ್ಮನವರು ಮಧ್ಯಾಹ್ನದ ಗಂಟೆ ಬಾರಿಸುತ್ತಿದ್ದರು.

“ನೀವು ದಿನಾ ಹೋಗಿ ಮಾತಾಡ್ಸಿ ಮಾತಾಡ್ಸಿ ಅವನ್ನ ಮಲಗೋಕೆ ಬಿಡ್ತಿಲ್ಲ. ಸತ್ತವನ್ನ ಸಾಯೋಕೆ ಬಿಡಿ ಉಪದೇಶಿಯಮ್ಮ. ನಂಗೆ ಹುಚ್ಚು ಹಿಡೀತೈತೆ!”

ಅಮ್ಮನವರು ಹಗ್ಗ ಬಿಡಲಿಲ್ಲ. ಎಲ್ಲ ಏಟುಗಳನ್ನೂ ಮುಗಿಸಿ, ಪ್ರಾರ್ಥನೆ ಹೇಳಿ, ಹಗ್ಗವನ್ನು ಗೂಟಕ್ಕೆ ಸುತ್ತಿ, ಆಮೇಲೆ ತಿರುಗಿದರು.

“ನಿಂಗೂ ಕೇಳುಸ್ತೈತಾ?”

ಭ್ರಮೆ ಎನ್ನುತ್ತಾರೆ, ಬೈಯುತ್ತಾರೆ, ಜಪಸರ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದಳು ಮದಲೇನಮ್ಮ. ‘ನಿಂಗೂ’ ಎಂಬ ಒಂದು ಮಾತಿಗೆ ಅವಳು ಸಿದ್ಧಳಾಗಿರಲಿಲ್ಲ.

“ಬಾ” ಎಂದು ಅಮ್ಮನವರು ಅವಳ ಮಣಿಕಟ್ಟು ಹಿಡಿದರು.

ಗೋಡೆಯಾಚೆ ಗಾಳಿಯಿರಲಿಲ್ಲ. ಕಳ್ಳಿಯ ಮುಳ್ಳೊಂದೂ ಅಲುಗುತ್ತಿರಲಿಲ್ಲ. ಹುಲ್ಲು ಮಾತ್ರ ಒಂದು ಕಡೆ, ಒಂದು ಮೊರದಗಲದಷ್ಟು ಜಾಗದಲ್ಲಿ, ಮೆಲ್ಲಗೆ ಏಳುತ್ತ ಬೀಳುತ್ತ ಇತ್ತು. ಅಳು ಅಲ್ಲಿಂದಲೇ ಬರುತ್ತಿತ್ತು. ಬ್ರಿಜಿತಮ್ಮನವರು ತಲೆ ಓರೆ ಮಾಡಿ ಆಲಿಸಿದರು.

“ಇದು ನಿನ್ನದೇ. ಮಿಕ್ಕವು ಸುಮ್ಮನವೆ.”

“ಯಾಕಮ್ಮಾ ಅಳ್ತೈತೆ? ಗೋಡೆ ಒಳಗೆ ಸೇರಿಸಲಿಲ್ಲ ಅಂತಾನಾ? ಅದು ನೀರಾಗಿದ್ರೆ...”

“ಗೋಡೆ ಕಟ್ಟಿದ್ದು ಮೇಸ್ತ್ರಿ ರಾಯಪ್ಪ. ಸ್ವರ್ಗದವರೆಗೆ ಎತ್ತೋ ಅಷ್ಟು ಗಾರೆ ಅವನ ಹತ್ರ ಇರಲಿಲ್ಲ” ಎಂದರು ಅಮ್ಮನವರು. ಆಮೇಲೆ ಅವರ ದನಿ ಬದಲಾಯಿತು. “ಹೋಗಿದ್ದಕ್ಕೆ ಎಲ್ಲಾರೂ ಅತ್ರಿ. ಬಂದಿದ್ದಕ್ಕೆ ಯಾರು ವಂದನೆ ಹೇಳಿದ್ರಿ?”

“ನೀವು ಹೇಳ್ತೀರಲ್ಲ, ದಿನಾ” ಎಂದಳು ಮದಲೇನಮ್ಮ.

“ನಾನು ನೋಡಿಲ್ವಲ್ಲೇ. ಜೀವ ಇದ್ದಾಗ ಇದರ ಮುಖ ನೋಡಿದವಳು ಈ ಲೋಕದಲ್ಲಿ ನೀನೊಬ್ಬಳೇ.”

“ಕೊಟ್ಟು ಕಿತ್ಕೊಂಡವನಿಗೆ ಏನಂತ ವಂದನೆ ಹೇಳಲಿ?” ಸೂಲಗಿತ್ತಿಯ ಮಾತಿನ ಮೊನೆ ಇನ್ನೂ ಮೊಂಡಾಗಿರಲಿಲ್ಲ. “ಭಾಳ ಉಪಕಾರ ಸ್ವಾಮಿ, ಕೈ ಚುರುಕಾಗೈತೆ ನಿಂದು, ಅಂತಾನಾ?”

ಬ್ರಿಜಿತಮ್ಮನವರು ಸಿಟ್ಟಾಗಲಿಲ್ಲ. “ಕಿತ್ಕೊಂಡಿದ್ದು ಆಮೇಲಿರಲಿ. ಕೊಟ್ಟಿದ್ದು ಹೇಳು. ಎಷ್ಟು ಹೊತ್ತು ಇತ್ತು?”

“ಹತ್ತು ನಮೋ ಮರಿಯ ಜಪ ಹೇಳೋವಷ್ಟು.”

“ಅಷ್ಟು ಹೊತ್ತಲ್ಲಿ ಏನೇನು ಮಾಡ್ತು?”

ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಗುರುಗಳು ಕೇಳಿದ್ದು ಚೊಂಬಿನಲ್ಲಿದ್ದದ್ದು ಏನೆಂದು. ಚೌರಮ್ಮ ಕೇಳಿದ್ದು ಯಾರಿಗೆ ಏನು ಹೇಳಬೇಕೆಂದು. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಒಂದೂವರೆ ವರ್ಷ ಅವಳ ಕಣ್ಣ ಮುಂದೆ ನಿಂತಿದ್ದದ್ದು ಆ ಚೊಂಬು, ಕೂಸಲ್ಲ.

“ಸೀನ್ತು” ಎಂದಳು ಕೊನೆಗೆ.

“ಹೂಂ?”

“ಅಳೋಕೆ ಮುಂಚೆ ಸೀನ್ತು. ಸಾಂಬ್ರಾಣಿ ಹೊಗೆಗೆ. ಇಷ್ಟಿದ್ದು, ಮೈಯೆಲ್ಲ ಎಗರಿ ಬೀಳೋ ಹಾಗೆ. ಆಮೇಲೆ ಹುಬ್ಬು ಗಂಟು ಹಾಕ್ತು. ಥೇಟ್ ಅದರ ಅಜ್ಜಿ. ಏನು ಈ ಮನೆ ಇಷ್ಟು ಕತ್ಲು, ಯಾರು ಇಲ್ಲಿ ಯಜಮಾನ್ರು, ಅನ್ನೋ ಹಾಗೆ ನನ್ನ ಗದರ್ಸಿ ನೋಡ್ತು. ನನ್ನ ಹೆಬ್ಬೆಟ್ಟು ಹಿಡ್ಕೊಂಡ್ತು. ಉಗುರು ಐದೂ ಇದ್ವು ಅಮ್ಮ, ಅಕ್ಕಿ ನುಚ್ಚಿನ ಹಾಗೆ. ಬಿಡಿಸ್ಕೊಳ್ಳೋಕೆ ನೋಡಿದೆ, ಬಿಡಲಿಲ್ಲ. ಅದಕ್ಕೇ ಚೊಂಬು ಎಡಗೈಲಿ ಎತ್ತಿದ್ದು. ಹೊಯ್ದಾಗ ಹಣೆ ಮೇಲಿಂದ ಇಳಿದು ಬಾಯಿಗೆ ಬಂತು. ಬಂದು...”

“ಬಂದು?”

“ಚಪ್ಪರಿಸ್ತು.” ಅವಳ ಕಣ್ಣು ಅಗಲವಾಗಿತ್ತು. “ಎರಡು ಸಲ ಚಪ್ಪರಿಸ್ತು ಅಮ್ಮ. ಹುಬ್ಬಿನ ಗಂಟು ಸಡಿಲ ಆಯ್ತು. ಇನ್ನೂ ಬೇಕು ಅನ್ನೋ ಹಾಗೆ ತುಟಿ ಮುಂದೆ ಮಾಡ್ತು.”

ಬ್ರಿಜಿತಮ್ಮನವರು ಶಿಲುಬೆ ಗುರುತು ಹಾಕಿಕೊಂಡರು. “ನೀರಾಗಿದ್ರೆ ಚಪ್ಪರಿಸ್ತಿರಲಿಲ್ಲ” ಎಂದರು. ಅಷ್ಟೇ.

ಮದಲೇನಮ್ಮ ಹುಲ್ಲಿನಲ್ಲಿ ಮಂಡಿಯೂರಿದಳು. ಈ ಲೋಕಕ್ಕೆ ಬಂದು ಆ ಕೂಸು ಕಂಡ ರುಚಿ ಒಂದೇ, ಅದು ಸಿಹಿ. ಅದನ್ನು ತುಟಿಗೆ ಮುಟ್ಟಿಸಿದ್ದು ತನ್ನ ತಪ್ಪಿದ ಕೈ. ಅವಳಿಗೆ ಜಪದ ಮಾತು ಒಂದೂ ನೆನಪಾಗಲಿಲ್ಲ. ಎರಡು ಅಂಗೈಗಳನ್ನೂ ನೆಲಕ್ಕೆ ಊರಿ, “ಸೀನಿದ್ದಕ್ಕೆ ವಂದನೆ ಸರ್ವೇಶ್ವರ. ಗದರಿಸಿದ್ದಕ್ಕೆ ವಂದನೆ. ಹೆಬ್ಬೆಟ್ಟು ಹಿಡ್ಕೊಂಡಿದ್ದಕ್ಕೆ ವಂದನೆ. ಚಪ್ಪರಿಸಿದ್ದಕ್ಕೆ...” ಎನ್ನುತ್ತ ಹೋದಳು. ಹೇಳುತ್ತ ಹೇಳುತ್ತ ಅತ್ತಳು. ಆ ಅಳು ಯಾವ ಕ್ಷಣದಲ್ಲಿ ಅವಳೊಬ್ಬಳದೇ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಹುಲ್ಲು ನಿಂತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಗೋಡೆಯಾಚೆ ಎಂಥ ನಿಶ್ಶಬ್ದವೆಂದರೆ, ತಮ್ಮ ಕಿವಿಯೊಳಗಿನ ರಕ್ತದ ಸದ್ದು ತಮಗೇ ಕೇಳುವಷ್ಟು.

ಆ ನಿಶ್ಶಬ್ದದೊಳಗೆ, ಅವರ ಕಾಲ ಬಳಿಯ ಹುಲ್ಲಿನಿಂದ, ಯಾರೋ ಸೀನಿದರು. ಇಷ್ಟೇ ಇಷ್ಟು.

“ನೂರು ವರ್ಷ ಕಂದ!” ಎಂದರು ಬ್ರಿಜಿತಮ್ಮನವರು, ಮಕ್ಕಳು ಸೀನಿದಾಗ ಅನ್ನುವ ರೂಢಿಯಲ್ಲಿ, ಯೋಚಿಸದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದಲೇನಮ್ಮನ ತೋಳಿನ ಕೂದಲು ನಿಮಿರಿ ನಿಂತಿತ್ತು. ಆದರೂ ಮೊದಲು ನಕ್ಕವಳು ಅವಳೇ. ಪಕ್ಕದ ತೋಟದಲ್ಲಿದ್ದ ಹೆಂಗಸರು ಬುಟ್ಟಿಗಳನ್ನು ಅಲ್ಲೇ ಬಿಟ್ಟು ಓಡಿದರು. ಎಷ್ಟು ಜನರ ನಗು ಕೇಳಿಸಿತು ಎಂಬ ಪ್ರಶ್ನೆಗೆ ಅವರ ಮನೆಯವರು ಇಂದಿಗೂ ಉತ್ತರ ಕೊಡುವುದಿಲ್ಲ.

ಹೊರಡುವಾಗ ಬ್ರಿಜಿತಮ್ಮನವರು, “ಈಗ ನನಗೆ ಹೇಳಿದ್ದನ್ನ ಹೋಗಿ ಲೂರ್ದಿಗೆ ಹೇಳು. ಅದು ಅವಳ ಸೊತ್ತು” ಎಂದರು.

“ಮುಖಕ್ಕೆ ಉಗೀತಾಳೆ ಅಮ್ಮ.”

“ಉಗೀಲಿ. ಒರೆಸ್ಕೋ. ಆಮೇಲೆ ಹೇಳು.”

ಲೂರ್ದಮ್ಮ ಹುಳದ ಮನೆಯಲ್ಲಿದ್ದಳು. ಬಿದಿರು ತಟ್ಟೆಗಳಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಎಲ್ಲೋ ತುಂತುರು ಬೀಳುತ್ತಿರುವ ಹಾಗೆ. ಅವಳು ಹೊಟ್ಟೆ ಹೊತ್ತು ಕೂತು ಸೊಪ್ಪು ಕೊಚ್ಚುತ್ತಿದ್ದಳು. ಬಾಗಿಲಲ್ಲಿ ಸೂಲಗಿತ್ತಿಯನ್ನು ಕಂಡು ಮುಖ ಅರಳಿತು. ಆ ಅರಳಿದ ಮುಖದ ಮುಂದೆಯೇ ಮದಲೇನಮ್ಮ ಎಲ್ಲವನ್ನೂ ಹೇಳಿದಳು: ಚೊಂಬು, ಎಳನೀರು, ಸುಳ್ಳು.

ಕತ್ತಿ ನಿಂತಿತು.

“ಜೀವ ಇತ್ತಾ?” ಲೂರ್ದಮ್ಮನ ದನಿ ಬೇರೆ ಯಾರದೋ ಎಂಬಂತಿತ್ತು. “ಒಂದೂವರೆ ವರ್ಷ, ಒಂದೂವರೆ ವರ್ಷ ಅಕ್ಕ! ಸತ್ತಿದ್ದನ್ನ ಹೊತ್ತಿದ್ದೆ ಅಂತ ನನ್ನ ಹೊಟ್ಟೆಯನ್ನೇ ನಾನು ಮುಟ್ಕೊಳ್ತಿರಲಿಲ್ಲ. ದಿನಾ ಬಾವಿ ಹತ್ರ ಸಿಗ್ತಿದ್ಯಲ್ಲ, ಬಿಂದಿಗೆ ತುಂಬ್ಕೊಂಡು ಹೋಗ್ತಿದ್ಯಲ್ಲ ನೀನು!”

ಅವಳು ಉಗಿಯಲಿಲ್ಲ. ಕೈಗೆ ಸಿಕ್ಕಿದ ಸೊಪ್ಪಿನ ರಾಶಿಯನ್ನೆತ್ತಿ ಮದಲೇನಮ್ಮನ ಮುಖಕ್ಕೆ ಎಸೆದಳು. ಮದಲೇನಮ್ಮ ಕದಲಲಿಲ್ಲ. ತಲೆಗೂದಲಿಗೆ ಸಿಕ್ಕಿಕೊಂಡ ಎಲೆಗಳೊಂದಿಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಸೀನಿನಿಂದ ಶುರುಮಾಡಿದಳು.

ಚಪ್ಪರಿಸಿದ್ದು ಬಂದಾಗ ಲೂರ್ದಮ್ಮ ಅವಳ ತೋಳು ಹಿಡಿದಳು. “ಎಷ್ಟು ಸಲ?”

“ಎರಡು.”

“ಸದ್ದಾಯ್ತಾ?”

“ಆಯ್ತು. ಪಚ್ ಪಚ್ ಅಂತ.”

“ಇನ್ನೊಂದ್ಸಲ ಹೇಳು. ಮೊದಲಿಂದ.”

ಮೂರನೆಯ ಸಲ ಹೇಳುತ್ತಿದ್ದಾಗ ನೋವು ಕಾಣಿಸಿಕೊಂಡಿತು.

ಅಂದು ಸಂಜೆಯ ಗಂಟೆಗೆ ಇನ್ನೂ ಹೊತ್ತಿತ್ತು. ಬಾಣಂತಿ ಕೋಣೆಯ ಹೊರಗೆ ಚೌರಮ್ಮನೂ ನೆರೆಯ ಹೆಂಗಸರೂ ಜಪಸರ ಹಿಡಿದು ಕೂತಿದ್ದರು. ಒಳಗಿಂದ ನರಳಾಟ ಕೇಳಬೇಕಾದಲ್ಲಿ ನಗು ಕೇಳಿತು. ನೋವು, ಚೀರಾಟ, ಮತ್ತೆ ಪಿಸುಮಾತು, ಮತ್ತೆ ನಗು. ಒಬ್ಬಿಬ್ಬರು ಎದ್ದು ದೂರ ಹೋಗಿ ಕೂತರು.

“ಇಬ್ಬರಿಗೂ ಏನಾಗೈತೆ ಒಳಗೆ?” ಎಂದು ಚೌರಮ್ಮ ಬಾಗಿಲು ತಟ್ಟಿದರು.

“ಅತ್ತೆ,” ಒಳಗಿಂದ ಲೂರ್ದಮ್ಮ ಏದುಸಿರಿನಲ್ಲೇ ಕೂಗಿದಳು, “ಅದು ನಿಮ್ಮ ಹಂಗೇ ಹುಬ್ಬು ಗಂಟು ಹಾಕ್ತಿತ್ತಂತೆ! ನಂಗೆ ಯಾಕೆ ಹೇಳಲಿಲ್ಲ ನೀವು?”

ಚೌರಮ್ಮ ತಟ್ಟಲು ಎತ್ತಿದ ಕೈಯನ್ನು ಹಾಗೆಯೇ ಬಾಗಿಲಿಗೆ ಒತ್ತಿಕೊಂಡು ನಿಂತರು. ನೆರೆಯವರು ನೋಡುತ್ತಿದ್ದಂತೆ ಆ ಗಡುಸು ಹೆಂಗಸಿನ ಭುಜ ಅಲುಗತೊಡಗಿತು. “ನಂಗೆ ಯಾರು ಹೇಳಿದ್ರು ಕಣವ್ವ?” ಎಂದರು, ಬಾಗಿಲಿಗೇ ಹೇಳುವವರಂತೆ.

ಸ್ವಲ್ಪ ಹೊತ್ತಿಗೆ ಒಳಗೆ ಕೂಸಿನ ಅಳು ಎದ್ದಿತು. ಗಟ್ಟಿಯಾದ, ಸಿಟ್ಟಿನ, ಬಿಸಿ ಅಳು. ಹೊರಗಿದ್ದವರೆಲ್ಲ ಒಟ್ಟಿಗೆ ಎದ್ದರು.

“ಗಂಡೋ ಹೆಣ್ಣೋ?” ಎಂದು ಕೂಗಿದರು ಚೌರಮ್ಮ.

ಮತ್ತೆ ಬಾಗಿಲು ತಟ್ಟಿದರು.

“ಏ ಮದಲೇನಿ! ಏನು ಮಗು?”

“ತಡೀರಮ್ಮ, ಇನ್ನೂ ಅಲ್ಲಿಗೆ ಬಂದಿಲ್ಲ” ಎಂದಿತು ಒಳಗಿನ ದನಿ. “ಮುಖ ನೋಡ್ತಿದ್ದೀನಿ.”